ಕೆರಾಟೋಕೋನಸ್: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಎರಡೂ ಕಣ್ಣಿಗೆ ಕೆರಾಟೋಕೋನಸ್ ಇದೆ. ಗದಗ ಜಿಲ್ಲೆಯ ಹಳ್ಳಿಯಿಂದ ಧಾರವಾಡಕ್ಕೆ ಓದಲು ಬಂದ ಮೇಲೆ ಒಂದೂವರೆ ವರ್ಷದಲ್ಲಿ ಮೂರು ಕನ್ನಡಕ ಬದಲಾಯಿಸಿದೆ. ಮೂರು ಸಲವೂ ‘ನಂಬರ್ ಏರಿದೆ’ ಎಂದಷ್ಟೇ ಹೇಳಿ ಕಳುಹಿಸಿದರು. ಕಾಯಿಲೆಯ ಹೆಸರು ಗೊತ್ತಾಗುವ ಹೊತ್ತಿಗೆ ಎಡಗಣ್ಣು ಕೈಮೀರಿತ್ತು, ಬಲಗಣ್ಣು ಇನ್ನೂ ಉಳಿಸಿಕೊಳ್ಳುವ ಹಂತದಲ್ಲಿತ್ತು. ಈಗ ನಾನು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಮಕ್ಕಳ ತಂದೆತಾಯಿ, ಧಾರವಾಡದಲ್ಲಿ ಪರೀಕ್ಷೆಗೆ ಓದುತ್ತಿರುವ ಹುಡುಗರು, ಹಾವೇರಿ ಕಡೆಯ ನೆಂಟರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ವೈದ್ಯನಲ್ಲ. ನಿಮ್ಮ ಕಣ್ಣಿಗೆ ಯಾವುದು ಸರಿ ಎಂಬುದನ್ನು ಕಾರ್ನಿಯಾ ತಜ್ಞರೇ ಹೇಳಬೇಕು. ಅವರ ಮುಂದೆ ಕೂತಾಗ ಏನು ಕೇಳಬೇಕು ಎಂಬುದಾದರೂ ನಿಮಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಕೆರಾಟೋಕೋನಸ್ ಎಂದರೇನು?

ಕಣ್ಣಿನ ಕಪ್ಪು ಭಾಗದ ಮುಂದೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ಅದರ ನಡುಭಾಗದ ದಪ್ಪ ಸಾಮಾನ್ಯವಾಗಿ 540 ಮೈಕ್ರಾನ್‌ನ ಆಸುಪಾಸು, ಅಂದರೆ ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು. ಈ ಕಾಯಿಲೆಯಲ್ಲಿ ಅದು ತೆಳ್ಳಗಾಗುತ್ತಾ, ಬಲ ಕಳೆದುಕೊಂಡು ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಉಬ್ಬಿದ ಮೇಲೆ ಬೆಳಕು ಒಂದು ಕಡೆ ಕೂಡುವುದಿಲ್ಲ, ಚದುರಿ ಬೀಳುತ್ತದೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಆರಂಭವಾಗಿ, ಇಪ್ಪತ್ತರ ಹರೆಯದಲ್ಲಿ ಜೋರಾಗಿ, ಮೂವತ್ತೈದು–ನಲವತ್ತರ ಹೊತ್ತಿಗೆ ತಾನಾಗಿ ನಿಧಾನವಾಗುತ್ತದೆ. ಎರಡೂ ಕಣ್ಣಿಗೆ ಬರುವುದೇ ಹೆಚ್ಚು, ಆದರೆ ಒಂದೇ ಸಮನಾಗಿ ಅಲ್ಲ.

ನನಗೂ ಇದೇ ಇರಬಹುದೇ ಎಂದು ಹೇಗೆ ಅನುಮಾನಿಸುವುದು?

ನನ್ನ ಅನುಭವ ಹೇಳುತ್ತೇನೆ. ಧಾರವಾಡದ ನಿಲ್ದಾಣದಲ್ಲಿ ನಿಂತು ಬಸ್ಸಿನ ಬೋರ್ಡ್ ಓದುತ್ತಿದ್ದೆ. ‘ಗದಗ’ ಎಂದು ಬರೆದಿದ್ದರೆ ಓದಲು ಆಗುತ್ತಿತ್ತು, ‘ಹುಬ್ಬಳ್ಳಿ’ ಎಂದಿದ್ದರೆ ಆಗುತ್ತಿರಲಿಲ್ಲ. ಪ್ರತಿ ಅಕ್ಷರದ ಕೆಳಗೂ ಅದರದೇ ಮಸುಕು ನೆರಳೊಂದು ಇಳಿಬಿದ್ದು, ಬ ಒತ್ತು ಯಾವುದು, ನೆರಳು ಯಾವುದು ಎಂದು ತಿಳಿಯುತ್ತಿರಲಿಲ್ಲ. ಒತ್ತಕ್ಷರಗಳೆಲ್ಲ ಒಂದರ ಮೇಲೊಂದು ಬಿದ್ದ ಗೀಟುಗಳಾಗಿದ್ದವು. ಒಂದು ಕಣ್ಣು ಮುಚ್ಚಿ ಹುಣ್ಣಿಮೆಯ ಚಂದ್ರನನ್ನು ನೋಡಿದರೆ ಐದಾರು ಚಂದ್ರರು ಗೊಂಚಲಾಗಿ ಕಾಣುತ್ತಿದ್ದರು.

ಇಂಥ ನೆರಳು, ರಾತ್ರಿ ವಾಹನದ ದೀಪಗಳಿಂದ ಬಾಲದಂತೆ ಚಿಮ್ಮುವ ಬೆಳಕು, ಆರೆಂಟು ತಿಂಗಳಿಗೊಮ್ಮೆ ಬದಲಾಗುವ ನಂಬರ್, ಅದರಲ್ಲೂ ಏರುತ್ತಲೇ ಹೋಗುವ ಸಿಲಿಂಡರ್ ಪವರ್ (ನಂಬರ್ ಚೀಟಿಯಲ್ಲಿ CYL ಎಂದು ಬರೆದಿರುವುದು), ಹೊಸ ಕನ್ನಡಕ ಹಾಕಿದರೂ ಸ್ಪಷ್ಟವಾಗದ ನೋಟ: ಇವುಗಳಲ್ಲಿ ಎರಡು ಕೂಡಿ ಬಂದರೆ ತಡಮಾಡಬೇಡಿ. ಕಣ್ಣು ನೋಯುವುದಿಲ್ಲ, ಕೆಂಪಾಗುವುದೂ ಇಲ್ಲ. ಹಾಗಾಗಿಯೇ ಮನೆಯವರಿಗೆ ಇದು ಕಾಯಿಲೆ ಎನ್ನಿಸುವುದೇ ಇಲ್ಲ.

ಕನ್ನಡಕದ ಅಂಗಡಿಯಲ್ಲಿ ಕಂಪ್ಯೂಟರ್ ತಪಾಸಣೆ ಮಾಡಿಸಿದ್ದೇವೆ, ಸಾಲದೇ?

ಸಾಲದು. ಆ ಯಂತ್ರ ನಂಬರ್ ಹೇಳುತ್ತದೆ, ಕಾರ್ನಿಯಾದ ಆಕಾರವನ್ನು ಪೂರ್ತಿಯಾಗಿ ತೋರಿಸುವುದಿಲ್ಲ. ನಿಮಗೆ ಬೇಕಾದದ್ದು ಕಾರ್ನಿಯಲ್ ಟೊಪೊಗ್ರಫಿ ಅಥವಾ ಟೊಮೊಗ್ರಫಿ. ಪೆಂಟಾಕ್ಯಾಮ್ ಎಂಬ ಹೆಸರೂ ನಿಮ್ಮ ಕಿವಿಗೆ ಬೀಳಬಹುದು, ಅದು ಈ ಪರೀಕ್ಷೆಯ ಯಂತ್ರವೊಂದರ ಹೆಸರು. ಗಲ್ಲವನ್ನು ಆಸರೆಯ ಮೇಲಿಟ್ಟು ಕೆಲವು ಸೆಕೆಂಡು ಕಣ್ಣು ಮಿಟುಕಿಸದೆ ನೋಡಿದರೆ ಆಯಿತು. ಸೂಜಿಯಿಲ್ಲ, ನೋವಿಲ್ಲ. ಕೈಗೆ ಬರುವ ಬಣ್ಣದ ನಕ್ಷೆಯಲ್ಲಿ ಕೆಂಪು ಎಂದರೆ ಕಡಿದಾದ ಉಬ್ಬು, ನೀಲಿ ಎಂದರೆ ಚಪ್ಪಟೆ ಭಾಗ. ನಮ್ಮ ಭೂಗೋಳದ ಪುಸ್ತಕದಲ್ಲಿ ಗುಡ್ಡಕ್ಕೂ ಬಯಲಿಗೂ ಬೇರೆ ಬೇರೆ ಬಣ್ಣ ಹಚ್ಚಿರುವಂತೆಯೇ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ತಪಾಸಣೆಗೆ ಎಷ್ಟು ದಿನ ಮೊದಲು ಅದನ್ನು ನಿಲ್ಲಿಸಬೇಕೆಂದು ಕೇಳಿಕೊಳ್ಳಿ. ಮೆತ್ತನೆಯ ಲೆನ್ಸ್‌ಗೆ ಸುಮಾರು ಒಂದು ವಾರ, ಗಟ್ಟಿ ಲೆನ್ಸ್‌ಗೆ ಎರಡು–ಮೂರು ವಾರ ಬಿಡಿಸುವುದು ರೂಢಿ. ಇಲ್ಲವಾದರೆ ಲೆನ್ಸ್ ಒತ್ತಿದ ಆಕಾರವೇ ನಕ್ಷೆಯಲ್ಲಿ ಮೂಡುತ್ತದೆ.

ಇದು ಯಾಕೆ ಬರುತ್ತದೆ? ಮೊಬೈಲ್ ನೋಡಿದ್ದರಿಂದಲೇ?

ಮೊಬೈಲ್ ಅಲ್ಲ, ರಾತ್ರಿ ಓದಿದ್ದೂ ಅಲ್ಲ. ಹುಟ್ಟಿನಿಂದಲೇ ಈ ಕಾಯಿಲೆಗೆ ಈಡಾಗುವ ಗುಣ ಒಂದು ಕಡೆ, ಕಣ್ಣುಜ್ಜುವ ಚಟ ಇನ್ನೊಂದು ಕಡೆ. ಇವೆರಡರಲ್ಲಿ ನಮ್ಮ ಕೈಯಲ್ಲಿರುವುದು ಎರಡನೆಯದು ಮಾತ್ರ.

ನಮ್ಮ ಭಾಗದಲ್ಲಿ ಕಣ್ಣಿಗೆ ತುರಿಕೆ ತರುವ ಕಾರಣಗಳಿಗೆ ಬರವಿಲ್ಲ. ಜೋಳದ ರಾಶಿ ಮಾಡುವಾಗ ಹಾರುವ ಹೊಟ್ಟು, ಬೇಸಿಗೆಯಲ್ಲಿ ಏಳುವ ಎರೆಮಣ್ಣಿನ ಧೂಳು, ಹತ್ತಿಯ ಎಳೆ, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತುಂಬುವಾಗಿನ ಘಾಟು. ಧೂಳು ನೇರವಾಗಿ ಈ ಕಾಯಿಲೆಯನ್ನು ತರುವುದಿಲ್ಲ. ಅಲರ್ಜಿ ಇರುವ ಮಗುವಿಗೆ ಅದರಿಂದ ತುರಿಕೆ ಎದ್ದು, ಮಗು ಮುಷ್ಟಿ ಬಿಗಿದು ಬೆರಳ ಗೆಣ್ಣುಗಳಿಂದ ಕಣ್ಣನ್ನು ಅರೆಯುವುದಿದೆಯಲ್ಲ, ಅದೇ ದೊಡ್ಡ ಅಪಾಯ. ನನ್ನ ತರಗತಿಯಲ್ಲಿ ಅಂಥ ಮಗುವೊಂದು ಕಂಡರೆ ಪಾಠ ನಿಲ್ಲಿಸಿ ಹತ್ತಿರ ಹೋಗುತ್ತೇನೆ. ಉಜ್ಜಿದರೆ ಸಿಗುವ ಹಿತ ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತು. ಆ ಹಿತಕ್ಕೆ ನಾನು ತೆತ್ತದ್ದೇನೆಂದೂ ಗೊತ್ತು.

ಬೋರಲು ಮಲಗಿ ಕಣ್ಣು ದಿಂಬಿಗೆ ಒತ್ತುವ ಅಭ್ಯಾಸವನ್ನೂ ಬಿಡಿಸಬೇಕು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಈ ಕಾಯಿಲೆ ಹೆಚ್ಚು, ಅವರಿಗೆ ನೋಟದ ತೊಂದರೆ ಹೇಳಲು ಆಗದೇ ಹೋಗಬಹುದು. ಅವರನ್ನು ತಪ್ಪದೆ ಪರೀಕ್ಷೆ ಮಾಡಿಸಿ.

ತುರಿಕೆ ತಡೆಯಲಾಗದಿದ್ದರೆ ಏನು ಮಾಡಬೇಕು? ಔಷಧ ಅಂಗಡಿಯ ಹನಿ ಹಾಕಬಹುದೇ?

ಕೇಳದೆ ಹಾಕಬೇಡಿ. ‘ಕಣ್ಣು ಕೆರೆತಕ್ಕೆ ಏನಾದರೂ ಕೊಡಿ’ ಎಂದರೆ ಎಷ್ಟೋ ಸಲ ಸ್ಟೀರಾಯ್ಡ್ ಇರುವ ಹನಿ ಕೈಗೆ ಬರುತ್ತದೆ. ಎರಡೇ ದಿನದಲ್ಲಿ ಆರಾಮ ಅನ್ನಿಸುತ್ತದೆ, ಅದಕ್ಕಾಗಿಯೇ ಮನೆಯವರು ತಿಂಗಳುಗಟ್ಟಲೆ ಹಾಕುತ್ತಾರೆ. ಅದರಿಂದ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಬರಬಹುದು, ಕಣ್ಣಿನ ಪೊರೆಯೂ ಬರಬಹುದು. ಸ್ಟೀರಾಯ್ಡ್ ಇಲ್ಲದ ಅಲರ್ಜಿ ಹನಿಗಳಿವೆ, ವೈದ್ಯರು ಅವನ್ನು ದೀರ್ಘಕಾಲಕ್ಕೆ ಬರೆದುಕೊಡುತ್ತಾರೆ. ಮನೆಯಲ್ಲಿ ಸ್ವಚ್ಛ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ ಐದು ನಿಮಿಷ ಹಗುರವಾಗಿ ಇಟ್ಟರೆ ತುರಿಕೆ ಇಳಿಯುತ್ತದೆ.

ನಂದಿಬಟ್ಟಲು ಹೂವಿನ ರಸ, ಜೇನು, ಹರಳೆಣ್ಣೆ ಹಾಕಿದರೆ?

ಉಬ್ಬಿದ ಕಾರ್ನಿಯಾ ಯಾವ ರಸದಿಂದಲೂ ಮತ್ತೆ ಹಿಂದಕ್ಕೆ ಹೋಗುವುದಿಲ್ಲ. ತೆಳುವಾದ ಕಾರ್ನಿಯಾಗೆ ಸೋಂಕು ತಗುಲಿದರೆ ಇರುವ ನೋಟವೂ ಹೋಗುತ್ತದೆ. ಅಜ್ಜಿಯ ಮೇಲೆ ಎಷ್ಟೇ ಗೌರವವಿದ್ದರೂ ಈ ಕಣ್ಣಿಗೆ ಮಾತ್ರ ಬೇಡ.

ಸಿ3ಆರ್ ಎಂದರೇನು?

ಕಾಯಿಲೆ ಮುಂದುವರಿಯದಂತೆ ತಡೆಯುವ ಚಿಕಿತ್ಸೆ. ಕಾರ್ನಿಯಲ್ ಕ್ರಾಸ್‌ಲಿಂಕಿಂಗ್ ಎಂಬುದೂ ಇದರದೇ ಹೆಸರು. ಕಾರ್ನಿಯಾದೊಳಗಿನ ಕೊಲ್ಯಾಜೆನ್ ಎಳೆಗಳ ನಡುವಿನ ಹಿಡಿತ ಸಡಿಲವಾಗಿರುತ್ತದೆ. ರೈಬೋಫ್ಲೇವಿನ್ ಅಂದರೆ ಬಿ2 ಜೀವಸತ್ವದ ಹನಿ ಹಾಕಿ, ನೇರಳಾತೀತ ಬೆಳಕು ಬಿಟ್ಟರೆ ಆ ಎಳೆಗಳ ನಡುವೆ ಹೊಸ ಬೆಸುಗೆಗಳು ಬೀಳುತ್ತವೆ. ಸಡಿಲಾದ ಹೊರಸಿನ ಹುರಿಗೆ ಅಡ್ಡ ಹುರಿ ಹಾಕಿ ಬಿಗಿದಂತೆ. 1990ರ ದಶಕದ ಕೊನೆಯಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ರೂಪುಗೊಂಡ ವಿಧಾನವಿದು. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ ಒಪ್ಪಿಗೆ ಕೊಟ್ಟಿತು. ಭಾರತದಲ್ಲಿ ಅದಕ್ಕೂ ಮೊದಲಿನಿಂದಲೇ ನಡೆಯುತ್ತಿದೆ.

ಬೆಳಿಗ್ಗೆ ಹೋಗಿ ಅಂದೇ ಮನೆಗೆ ಬರಬಹುದು. ಕಣ್ಣು ಮರಗಟ್ಟುವ ಹನಿ ಹಾಕಿ, ಕಾರ್ನಿಯಾದ ಮೇಲಿನ ತೆಳು ಪೊರೆಯನ್ನು ಸವರಿ ತೆಗೆಯುತ್ತಾರೆ. ಆಮೇಲೆ ಸುಮಾರು ಅರ್ಧ ಗಂಟೆ ಹಳದಿ ಹನಿ ಬೀಳುತ್ತಲೇ ಇರುತ್ತದೆ. ನಂತರ ಬೆಳಕು: ಮೂಲ ವಿಧಾನದಲ್ಲಿ 30 ನಿಮಿಷ, ವೇಗದ ವಿಧಾನದಲ್ಲಿ ಸುಮಾರು 10 ನಿಮಿಷ. ನನಗೆ ಕಂಡದ್ದು ನೀಲಿ-ನೇರಳೆ ಬೆಳಕಿನ ಕೊಳವೊಂದರ ಮೇಲೆ ಹಳದಿ-ಹಸಿರು ಎಣ್ಣೆ ತೇಲಿದಂಥ ದೃಶ್ಯ. ನೋವಿರಲಿಲ್ಲ. ನರ್ಸ್ ಪಕ್ಕದಲ್ಲಿ ನಿಂತು ನಿಮಿಷ ಎಣಿಸುತ್ತಾ ‘ಇನ್ನು ಐದೇ, ಇನ್ನು ಮೂರೇ’ ಎನ್ನುತ್ತಿದ್ದರು. ನೋವು ಶುರುವಾದದ್ದು ಮನೆ ತಲುಪಿದ ಮೇಲೆ. ಮೊದಲ ಎರಡು ರಾತ್ರಿ ಕಣ್ಣಿಗೆ ಮರಳು ಸುರಿದಂತೆ ಉರಿ, ಧಾರಾಕಾರ ನೀರು. ಇದನ್ನು ಮೊದಲೇ ಹೇಳಿದ್ದರೆ ನಾನೂ ಅವ್ವನೂ ಅಷ್ಟು ಹೆದರುತ್ತಿರಲಿಲ್ಲ, ಹಾಗಾಗಿ ನಿಮಗೆ ಹೇಳುತ್ತಿದ್ದೇನೆ. ನಾಲ್ಕೈದು ದಿನ ಬ್ಯಾಂಡೇಜ್ ಲೆನ್ಸ್ ಇರುತ್ತದೆ. ಅದನ್ನು ವೈದ್ಯರೇ ತೆಗೆಯಬೇಕು.

ಒಂದು ಷರತ್ತಿದೆ. ಮೇಲಿನ ಪೊರೆ ತೆಗೆದ ಮೇಲೆ ಕಾರ್ನಿಯಾ ಸಾಮಾನ್ಯವಾಗಿ ಕನಿಷ್ಠ 400 ಮೈಕ್ರಾನ್ ದಪ್ಪವಿರಬೇಕು, ಇಲ್ಲವಾದರೆ ಬೆಳಕು ಒಳಗಿನ ಜೀವಕೋಶಗಳನ್ನು ಸುಡಬಹುದು. ತುಸು ತೆಳುವಾದ ಕಣ್ಣಿಗೆ ಬದಲಿ ವಿಧಾನಗಳಿವೆ. ತೀರಾ ತೆಳುವಾಗಿ ಕಲೆ ಬಿದ್ದಿದ್ದರೆ ಇಲ್ಲ. ನನ್ನ ಎಡಗಣ್ಣು ಆ ಸಾಲಿಗೆ ಸೇರಿತು.

ಬಿ2 ಮಾತ್ರೆ ನುಂಗಿ ಬಿಸಿಲಲ್ಲಿ ನಿಂತರೆ ಆಗದೇ ಎಂದು ಕೇಳಿದವರಿದ್ದಾರೆ. ಅದು ಈ ಚಿಕಿತ್ಸೆಗೆ ಬದಲಿಯಲ್ಲ.

ಸಿ3ಆರ್ ಆದ ಮೇಲೆ ಕನ್ನಡಕ ಹೋಗುತ್ತದೆಯೇ?

ಹೋಗುವುದಿಲ್ಲ. ಅತಿ ಹೆಚ್ಚು ನಿರಾಸೆ ಹುಟ್ಟಿಸುವ ತಪ್ಪು ತಿಳಿವಳಿಕೆ ಇದೇ. ಹತ್ತರಲ್ಲಿ ಒಂಬತ್ತು ಕಣ್ಣುಗಳಲ್ಲಿ ಕಾಯಿಲೆ ಅಲ್ಲಿಗೆ ನಿಲ್ಲುತ್ತದೆ, ಕೆಲವರಿಗೆ ನೋಟ ತುಸು ಸುಧಾರಿಸುವುದೂ ಉಂಟು. ಆದರೆ ಕಳೆದುಹೋದ ನೋಟವನ್ನು ತಂದುಕೊಡುವುದು ಅದರ ಕೆಲಸವಲ್ಲ. ಮೊದಲ ಕೆಲವು ವಾರ ನೋಟ ಇನ್ನಷ್ಟು ಮಂಜಾಗುತ್ತದೆ, ಮೂರರಿಂದ ಆರು ತಿಂಗಳಲ್ಲಿ ತಿಳಿಯಾಗುತ್ತದೆ. ಚಿಕಿತ್ಸೆಯ ನಂತರವೂ ಕಣ್ಣುಜ್ಜಿದರೆ ಕಾಯಿಲೆ ಮತ್ತೆ ಏಳಬಹುದು.

ಪತ್ತೆಯಾದ ತಕ್ಷಣ ಮಾಡಿಸಲೇಬೇಕೇ?

ನಲವತ್ತು ದಾಟಿದವರಿಗೆ, ವರ್ಷಗಳಿಂದ ನಂಬರ್ ಬದಲಾಗದವರಿಗೆ ಬೇಕಾಗದೇ ಇರಬಹುದು. ದೊಡ್ಡವರಲ್ಲಿ ವೈದ್ಯರು ಕೆಲವು ತಿಂಗಳ ಅಂತರದಲ್ಲಿ ಎರಡು ನಕ್ಷೆ ತೆಗೆದು ಹೋಲಿಸುತ್ತಾರೆ. ಉಬ್ಬಿನ ಅತಿ ಕಡಿದಾದ ಜಾಗ ವರ್ಷದಲ್ಲಿ ಒಂದು ಡಯಾಪ್ಟರ್ (ಕನ್ನಡಕದ ನಂಬರನ್ನೂ ಇದರಲ್ಲೇ ಅಳೆಯುತ್ತಾರೆ) ಏರಿದ್ದರೆ ಕಾಯಿಲೆ ಸಾಗುತ್ತಿದೆ ಎಂದರ್ಥ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಹೀಗೆ ಕಾಯುವುದೇ ಅಪಾಯ. ಅವರಲ್ಲಿ ಅದು ಓಡುತ್ತದೆ. ‘ಪಿಯುಸಿ ಪರೀಕ್ಷೆ ಮುಗಿಯಲಿ’, ‘ಸುಗ್ಗಿ ಮುಗಿಯಲಿ’ ಎಂದು ಮುಂದೂಡುವ ತಂದೆತಾಯಿಗೆ ನಾನು ಕೈಮುಗಿದು ಹೇಳುವುದು ಇಷ್ಟೇ: ವೈದ್ಯರು ಈಗಲೇ ಎಂದರೆ ಈಗಲೇ ಮಾಡಿಸಿ.

ಹಾಗಾದರೆ ಸ್ಪಷ್ಟವಾಗಿ ಕಾಣಲು ದಾರಿ ಯಾವುದು?

ಆರಂಭದಲ್ಲಿ ಕನ್ನಡಕವೇ ಸಾಕು. ಆಕಾರ ತುಂಬಾ ವಕ್ರವಾದ ಮೇಲೆ ಕನ್ನಡಕ ಕೈಕೊಡುತ್ತದೆ, ಆಗ ವಿಶೇಷ ಕಾಂಟ್ಯಾಕ್ಟ್ ಲೆನ್ಸ್. ಗಟ್ಟಿ ಲೆನ್ಸ್ ಕಣ್ಣಿನ ಮೇಲೆ ಕೂತಾಗ ಅದರ ಕೆಳಗೆ ಕಣ್ಣೀರು ತುಂಬಿ, ಹಳ್ಳದಿಣ್ಣೆಗಳನ್ನು ಸಮ ಮಾಡಿ, ಹೊಸದೊಂದು ನುಣುಪಾದ ಮೇಲ್ಮೈ ಸಿಗುತ್ತದೆ. ಆರ್‌ಜಿಪಿ ಎಂಬ ಗಟ್ಟಿ ಲೆನ್ಸ್ ಚಿಕ್ಕದು, ಬೆಲೆ ಕಡಿಮೆ, ಆದರೆ ಚುಚ್ಚುತ್ತದೆ. ಧೂಳಿನ ಕಣವೊಂದು ಕೆಳಗೆ ಸೇರಿದರೆ ರಸ್ತೆಯಲ್ಲೇ ನಿಲ್ಲಬೇಕಾಗುತ್ತದೆ. ಮುಂಡರಗಿ ಕಡೆ ಗಾಳಿಯಲ್ಲಿ ಬೈಕ್ ಓಡಿಸುವವರಿಗೆ ಇದು ಚೆನ್ನಾಗಿ ಗೊತ್ತು. ಸ್ಕ್ಲೀರಲ್ ಲೆನ್ಸ್ ದೊಡ್ಡದು. ಕಾರ್ನಿಯಾವನ್ನು ಮುಟ್ಟದೆ ಕಮಾನಿನಂತೆ ದಾಟಿ, ಕಣ್ಣಿನ ಬಿಳಿ ಭಾಗದ ಮೇಲೆ ಕೂರುತ್ತದೆ. ಬೆಲೆ ಹೆಚ್ಚು, ಆದರೆ ಅಲುಗುವುದಿಲ್ಲ, ಧೂಳು ಸೇರುವುದು ಅಪರೂಪ. ಇವೆರಡರ ನಡುವೆ, ಮಧ್ಯ ಗಟ್ಟಿಯಾಗಿ ಅಂಚು ಮೆತ್ತಗಿರುವ ಹೈಬ್ರಿಡ್ ಲೆನ್ಸ್, ಮೆತ್ತನೆಯ ಲೆನ್ಸ್ ಮೇಲೆ ಗಟ್ಟಿ ಲೆನ್ಸ್ ಇಡುವ ಪಿಗ್ಗಿಬ್ಯಾಕ್ ವಿಧಾನಗಳೂ ಇವೆ.

ಎಡಗಣ್ಣಿಗೆ ಮೊದಲ ಸಲ ಸ್ಕ್ಲೀರಲ್ ಲೆನ್ಸ್ ಹಾಕಿಕೊಂಡ ದಿನ ಆಸ್ಪತ್ರೆಯ ಕಿಟಕಿಯಿಂದ ಹೊರಗೆ ನೋಡಿದೆ. ಬೇವಿನ ಮರ ಒಂದು ಹಸಿರು ಮುದ್ದೆಯಾಗಿರಲಿಲ್ಲ, ಎಲೆಗಳ ಗರಗಸದಂಥ ಅಂಚು ಒಂದೊಂದಾಗಿ ಕಾಣುತ್ತಿತ್ತು.

ಲೆನ್ಸ್ ತಜ್ಞರು ಕೂರಿಸಿ ಕೊಡಬೇಕು, ಸರಿಯಾಗುವ ತನಕ ಎರಡು-ಮೂರು ಸಲ ಓಡಾಟ ತಪ್ಪಿದ್ದಲ್ಲ. ಕೊಳ್ಳುವ ಮುನ್ನ ಕೇಳಿ: ಹೊಂದದಿದ್ದರೆ ಬದಲಿಸಿ ಕೊಡುತ್ತೀರಾ? ದ್ರಾವಣಕ್ಕೆ ತಿಂಗಳ ಖರ್ಚೆಷ್ಟು? ಇನ್ನು ನೀರಿನ ಮಾತು. ನಲ್ಲಿ ನೀರು, ಬೋರ್‌ವೆಲ್ ನೀರು, ಕುದಿಸಿ ಆರಿಸಿದ ನೀರು ಕೂಡ ಲೆನ್ಸ್‌ಗೆ ತಾಗಬಾರದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿಯ ಸೋಂಕು ಕಾರ್ನಿಯಾವನ್ನೇ ತಿನ್ನುತ್ತದೆ. ಕೈ ತೊಳೆದು ಪೂರ್ತಿ ಒರೆಸಿಕೊಂಡೇ ಮುಟ್ಟಿ. ಹಾಕಿಕೊಂಡು ಮಲಗಬೇಡಿ.

ಉಂಗುರ ಹಾಕುವ ಚಿಕಿತ್ಸೆ ಎಂದರೇನು?

ಕಾರ್ನಿಯಾದ ದಪ್ಪದೊಳಗೆ ಅರ್ಧಚಂದ್ರದಂಥ ತುಣುಕುಗಳನ್ನು ಸೇರಿಸಿ ಉಬ್ಬನ್ನು ಚಪ್ಪಟೆ ಮಾಡುವುದು. ಲೆನ್ಸ್ ಹೊಂದದವರಿಗೆ, ನಡುವೆ ಕಲೆ ಬೀಳದವರಿಗೆ ಉಪಯೋಗ. ಪ್ಲಾಸ್ಟಿಕ್ ಉಂಗುರದ ಬದಲು ದಾನಿಯ ಕಾರ್ನಿಯಾದಿಂದಲೇ ತುಣುಕು ಮಾಡುವ ‘ಕೇರ್ಸ್’ ವಿಧಾನವನ್ನು ರೂಪಿಸಿದವರು ಚೆನ್ನೈನ ವೈದ್ಯೆ ಸೂಸನ್ ಜೇಕಬ್. ಇದು ಎಲ್ಲ ಕಡೆ ಸಿಗುವುದಿಲ್ಲ.

ಪೊಲೀಸ್ ನೇಮಕಾತಿಗೆ ಕನ್ನಡಕ ಬೇಡವೆಂದು ಲೇಸಿಕ್ ಮಾಡಿಸಬಹುದೇ?

ಕೆರಾಟೋಕೋನಸ್ ಇದ್ದರೆ ಖಂಡಿತ ಕೂಡದು. ಲೇಸರ್‌ನಿಂದ ಕನ್ನಡಕದ ನಂಬರ್ ತೆಗೆಯುವ ಈ ಲೇಸಿಕ್ ಶಸ್ತ್ರಚಿಕಿತ್ಸೆ ಕಾರ್ನಿಯಾವನ್ನು ಇನ್ನೂ ತೆಳುವಾಗಿಸುತ್ತದೆ. ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೂ ಟೊಪೊಗ್ರಫಿ ಮಾಡದೆ ಲೇಸಿಕ್‌ಗೆ ದಿನಾಂಕ ಕೊಡುವ ಜಾಗದಿಂದ ಎದ್ದು ಬನ್ನಿ.

ಕಣ್ಣು ಬದಲಿಸಬೇಕಾಗುತ್ತದೆಯೇ? ಪೂರ್ತಿ ಕುರುಡಾಗುತ್ತೇವೆಯೇ?

ಈ ಕಾಯಿಲೆಯೊಂದರಿಂದಲೇ ಕತ್ತಲೆಯಾಗುವಷ್ಟು ಕುರುಡಾಗುವುದಿಲ್ಲ. ಹೆಚ್ಚಿನವರಿಗೆ ಕಸಿಯೂ ಬೇಕಾಗುವುದಿಲ್ಲ. ಕಲೆ ಬಿದ್ದು, ಲೆನ್ಸ್‌ನಿಂದಲೂ ಕಾಣದಾದಾಗ ಕಾರ್ನಿಯಾ ಕಸಿ ಮಾಡುತ್ತಾರೆ. ಬದಲಿಸುವುದು ಕಾರ್ನಿಯಾ ಮಾತ್ರ, ಇಡೀ ಕಣ್ಣಲ್ಲ. ಮೇಲಿನ ಪದರಗಳನ್ನಷ್ಟೇ ಬದಲಿಸಿ ಒಳಪದರವನ್ನು ನಿಮ್ಮದೇ ಉಳಿಸುವ ಡಾಲ್ಕ್ ವಿಧಾನದಲ್ಲಿ ದೇಹ ತಿರಸ್ಕರಿಸುವ ಅಪಾಯ ಕಡಿಮೆ. ಹೊಲಿಗೆಗಳು ವರ್ಷದವರೆಗೂ ಇರಬಹುದು, ನೋಟ ನೆಲೆಗೊಳ್ಳಲು ತಾಳ್ಮೆ ಬೇಕು. ಕಸಿಯಾದ ಕಣ್ಣು ಎಷ್ಟೇ ವರ್ಷದ ನಂತರ ಕೆಂಪಾದರೂ, ನೋವಾದರೂ, ಬೆಳಕು ಚುಚ್ಚಿದರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ಆ ಕಾರ್ನಿಯಾ ಬರುವುದು ನೇತ್ರದಾನದಿಂದ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳ ಪದರ ಬಿಡಿಸಿ ನಾಲ್ವರಿಗೆ ನೋಟ ಕೊಟ್ಟರು. ನಮ್ಮೂರುಗಳಲ್ಲೂ ಅದರ ನಂತರ ನೇತ್ರದಾನದ ಮಾತು ಸಲೀಸಾಗಿದೆ. ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣು ಪಡೆಯಬೇಕು. ಕನ್ನಡಕ ಹಾಕುತ್ತಿದ್ದವರೂ, ಪೊರೆ ಶಸ್ತ್ರಚಿಕಿತ್ಸೆ ಆದವರೂ ದಾನ ಮಾಡಬಹುದು.

ಒಮ್ಮೆಲೇ ಕಣ್ಣು ಬೆಳ್ಳಗಾಗಿ ನೋವು ಬಂದರೆ?

ಇದಕ್ಕೆ ಹೈಡ್ರಾಪ್ಸ್ ಎನ್ನುತ್ತಾರೆ. ಕಾರ್ನಿಯಾದ ಒಳಪದರ ಬಿರಿದು ಕಣ್ಣೊಳಗಿನ ದ್ರವ ನುಗ್ಗಿರುತ್ತದೆ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ನಮ್ಮ ಭಾಗದಲ್ಲಿ ಎಲ್ಲಿಗೆ ಹೋಗಬೇಕು?

ಮೊದಲ ಮೆಟ್ಟಿಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ನೇತ್ರ ವಿಭಾಗ. ಗದಗ ಮತ್ತು ಹಾವೇರಿಯಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಗಳಿವೆ. ಅಲ್ಲಿ ಅನುಮಾನ ದಾಖಲಿಸಿ ಮುಂದಕ್ಕೆ ಶಿಫಾರಸು ಪತ್ರ ಬರೆಸಿಕೊಳ್ಳಿ. ಹಣದ ವಿಷಯ ಬಂದಾಗ ಆ ಪತ್ರವೇ ಕೈಹಿಡಿಯುತ್ತದೆ. ಎರಡನೆಯ ಮೆಟ್ಟಿಲು ಹುಬ್ಬಳ್ಳಿ: ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಕೆಎಂಸಿಆರ್‌ಐ, ಎಂ.ಎಂ. ಜೋಶಿ ನೇತ್ರ ಸಂಸ್ಥೆ, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆ. ಹೊರಡುವ ಮುನ್ನ ಫೋನ್ ಮಾಡಿ ಮೂರು ಮಾತು ಕೇಳಿ: ಟೊಪೊಗ್ರಫಿ ಯಂತ್ರ ಈಗ ನಡೆಯುತ್ತಿದೆಯೇ, ಕಾರ್ನಿಯಾ ತಜ್ಞರು ಯಾವ ದಿನ ಕೂರುತ್ತಾರೆ, ಸಿ3ಆರ್ ಇಲ್ಲೇ ಮಾಡುತ್ತೀರಾ. ಒಂದು ಫೋನ್ ಒಂದು ದಿನದ ಕೂಲಿಯನ್ನೂ ಬಸ್ ಖರ್ಚನ್ನೂ ಉಳಿಸುತ್ತದೆ. ತಪಾಸಣೆಯಲ್ಲಿ ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ತಾಸು ಎಲ್ಲ ಮಂಜು, ಹಾಗಾಗಿ ಬೈಕ್ ಓಡಿಸಿಕೊಂಡು ಒಬ್ಬರೇ ಹೋಗಬೇಡಿ. ಮೂರನೆಯ ಮೆಟ್ಟಿಲು ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ, ನಾರಾಯಣ ನೇತ್ರಾಲಯ ಅಥವಾ ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆ. ಕಷ್ಟದ ಕಣ್ಣುಗಳಿಗೆ, ಎರಡನೆಯ ಅಭಿಪ್ರಾಯಕ್ಕೆ ಅಲ್ಲಿಗೆ ಹೋಗುವುದು ಒಳ್ಳೆಯದೇ.

ಹಣ ಹೇಗೆ ಹೊಂದಿಸುವುದು?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟನ್ನು ಒಂದೂವರೆ ಲಕ್ಷದ ಮಿತಿಯಲ್ಲಿ ಭರಿಸುತ್ತಾರೆ. ನೋಂದಾಯಿತ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಅವರನ್ನು ಹುಡುಕಿ, ನಿಮ್ಮ ಚಿಕಿತ್ಸೆ ಪಟ್ಟಿಯಲ್ಲಿದೆಯೇ ಎಂದು ಕೇಳಿ. ‘ಯೋಜನೆಯಲ್ಲಿ ಬರುವುದಿಲ್ಲ’ ಎಂದು ಕೌಂಟರಿನಲ್ಲಿ ಯಾರೋ ಹೇಳಿದ ಮಾತಿಗೆ ಹಿಂತಿರುಗಬೇಡಿ. 104 ಸಹಾಯವಾಣಿಯಲ್ಲೂ ವಿಚಾರಿಸಬಹುದು. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡನ್ನು ನೋಡಿಕೊಳ್ಳಿ. ದೊಡ್ಡ ಶಸ್ತ್ರಚಿಕಿತ್ಸೆಗೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು.

ಖಾಸಗಿ ವಿಮೆ ಇರುವವರಿಗೆ ಒಂದು ಎಚ್ಚರಿಕೆ. 7.5 ಡಯಾಪ್ಟರ್‌ಗಿಂತ ಕಡಿಮೆ ನಂಬರ್ ಸರಿಪಡಿಸುವ ಚಿಕಿತ್ಸೆಗೆ ವಿಮೆ ಸಿಗದು ಎಂಬ ನಿಯಮವಿದೆ. ಸಿ3ಆರ್ ನಂಬರ್ ತೆಗೆಯುವ ಚಿಕಿತ್ಸೆಯಲ್ಲ, ಆದರೂ ಕೆಲವರ ಅರ್ಜಿಯನ್ನು ಇದೇ ಕಾರಣ ಕೊಟ್ಟು ತಳ್ಳಿಹಾಕುತ್ತಾರೆ. ‘ಮುಂದುವರಿಯುತ್ತಿರುವ ಕೆರಾಟೋಕೋನಸ್, ರೋಗಸಂಕೇತ ಎಚ್18.6, ನೋಟ ಉಳಿಸಲು ಅಗತ್ಯ’ ಎಂದು ವೈದ್ಯರಿಂದ ಬರೆಸಿ, ಎರಡು ನಕ್ಷೆಗಳನ್ನು ಲಗತ್ತಿಸಿ, ಚಿಕಿತ್ಸೆಗೆ ಮೊದಲೇ ಅನುಮತಿ ಕೇಳಿ.

ಮದುವೆ, ಬಸಿರು, ಮಕ್ಕಳ ವಿಷಯ?

ಮದುವೆಗೆ ಅಡ್ಡಿಯಿಲ್ಲ, ಮುಚ್ಚಿಡುವ ಕಾರಣವೂ ಇಲ್ಲ. ಬಸಿರಿನಲ್ಲಿ ಕೆಲವರಿಗೆ ಕಾಯಿಲೆ ಮತ್ತೆ ಚುರುಕಾಗುತ್ತದೆ, ಆದ್ದರಿಂದ ಮೊದಲೂ ನಂತರವೂ ನಕ್ಷೆ ತೆಗೆಸಿ. ತಂದೆತಾಯಿಗೆ ಇದ್ದರೆ ಮಕ್ಕಳಿಗೆ ಬಂದೇ ಬರುತ್ತದೆ ಎಂದಿಲ್ಲ, ಸಾಧ್ಯತೆ ಮಾತ್ರ ಹೆಚ್ಚು. ರಕ್ತಸಂಬಂಧದ ಮದುವೆಗೂ ಈ ಕಾಯಿಲೆಗೂ ನಂಟಿದೆ ಎಂದು ಬೇರೆ ದೇಶಗಳ ಅಧ್ಯಯನಗಳು ಹೇಳುತ್ತವೆ. ಸೋದರ ಸಂಬಂಧದ ಮದುವೆ ಸಾಮಾನ್ಯವಾಗಿರುವ ನಮ್ಮಲ್ಲಿ ಇದನ್ನು ಗಮನಿಸಲೇಬೇಕು. ಒಬ್ಬರಿಗೆ ಪತ್ತೆಯಾದರೆ ಒಡಹುಟ್ಟಿದವರೆಲ್ಲ ತಪಾಸಣೆ ಮಾಡಿಸಿಕೊಳ್ಳಬೇಕು.

ಆಸ್ಪತ್ರೆಗೆ ಹೋಗುವಾಗ ಏನೇನು ಒಯ್ಯಬೇಕು?

ಹಳೆಯ ಕನ್ನಡಕಗಳನ್ನೆಲ್ಲ, ಗಾಜು ಒಡೆದಿದ್ದರೂ ಸರಿ. ಹಳೆಯ ನಂಬರ್ ಚೀಟಿಗಳು, ಹಾಕುತ್ತಿರುವ ಹನಿಗಳ ಬಾಟಲಿ, ಆಧಾರ್ ಮತ್ತು ರೇಷನ್ ಕಾರ್ಡ್. ಪ್ರತಿ ನಕ್ಷೆಯ ಬಣ್ಣದ ಪ್ರತಿಯನ್ನು ಕೇಳಿ ಪಡೆದು, ದಿನಾಂಕ ಬರೆದು, ಒಂದೇ ಫೈಲಿನಲ್ಲಿ ಇಡಿ. ಮೊಬೈಲಿನಲ್ಲಿ ಫೋಟೋ ತೆಗೆದೂ ಇಟ್ಟುಕೊಳ್ಳಿ. ನನ್ನ ತಂಗಿಗೆ ಹದಿನಾರು ತುಂಬಿದಾಗ ನನ್ನ ಫೈಲನ್ನೂ ಅವಳನ್ನೂ ಕರೆದುಕೊಂಡು ಹುಬ್ಬಳ್ಳಿಗೆ ಹೋಗಿದ್ದೆ. ಅವಳ ಬಲಗಣ್ಣಿನ ನಕ್ಷೆಯ ಕೆಳಗಡೆ ಗೋಧಿಕಾಳಿನಷ್ಟು ಕಿತ್ತಳೆ ಬಣ್ಣ ಕಂಡಿತು. ಆರು ತಿಂಗಳಿಗೊಮ್ಮೆ ಹೋಗುತ್ತಿದ್ದೇವೆ. ಅದು ಇನ್ನೂ ಅಷ್ಟೇ ಇದೆ.